ಪ್ರಶ್ನೋತ್ತರ: ಸಿಬ್ಬಂದಿ ಲಿಬ್ರೆಆಫೀಸ್‌ಗೆ ಒಗ್ಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮದು ಪತ್ತಿನ ಸಹಕಾರ ಸಂಘ, ಒಂಬತ್ತು ಜನ ಸಿಬ್ಬಂದಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿಯಿತು. ನಮ್ಮ ಹಳೇ ಕಂಪ್ಯೂಟರ್‌ಗಳಿಗೆ ವಿಂಡೋಸ್ 11 ಹತ್ತುವುದಿಲ್ಲ. ಹಾಗಾಗಿ ವಿಂಡೋಸ್ ಬದಲಿಗೆ ಉಬುಂಟು, ಎಂಎಸ್ ಆಫೀಸ್ ಬದಲಿಗೆ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶಗಳನ್ನು ಹಾಕಿಸಿ, ಎರಡು ದಿನ ತರಬೇತಿ ಕೊಡಿಸಿದೆವು. ಮೂರನೇ ದಿನಕ್ಕೇ ಗಲಾಟೆ ಶುರು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ಹಳೇ ಪತ್ರ ತೆರೆದರೆ ಬರೀ ಗೀಚಿದ ಹಾಗೆ ಕಾಣುತ್ತಿದೆ. ಇಪ್ಪತ್ತು ವರ್ಷ ಸರ್ವೀಸ್ ಆಗಿರುವ ಗುಮಾಸ್ತೆಯೊಬ್ಬರು "ನನಗಿದು ಬರಲ್ಲ, ಕ್ಯಾಶ್ ಕೌಂಟರ್‌ಗೆ ಹಾಕಿಬಿಡಿ ಸಾರ್" ಎಂದು ಕಣ್ಣೀರು ಹಾಕಿದರು.

ಉತ್ತರ: ಮೊದಲು ಆ ಗುಮಾಸ್ತೆಯ ವಿಷಯ. ನಿನ್ನೆವರೆಗೆ ಎಲ್ಲರೂ ಅನುಮಾನ ಬಂದರೆ ಅವರನ್ನೇ ಕೇಳುತ್ತಿದ್ದರು, ಅಲ್ವಾ? ಇವತ್ತು ಅವರೇ ಚಿಕ್ಕವರನ್ನು ಕೇಳಬೇಕಾಗಿದೆ. ನೋವು ಅಲ್ಲಿದೆ. ಅವರನ್ನು ಕೌಂಟರ್‌ಗೆ ಹಾಕಬೇಡಿ. ಉಳಿದವರಿಗಿಂತ ಒಂದು ವಾರ ಮುಂಚೆ ಅವರಿಗೆ ಕಲಿಸಿ, ಪಕ್ಕದಲ್ಲಿ ಕೂತು, ಅವರದೇ ಫೈಲ್ ಇಟ್ಟುಕೊಂಡು. ಆಮೇಲೆ ಬೇರೆಯವರು ಅವರನ್ನೇ ಕೇಳಲಿ.

ಈ ಪಾಠ ನಾನು ಕಲಿತದ್ದು ತಪ್ಪು ಮಾಡಿಯೇ. ಒಂದು ಕಚೇರಿಯಲ್ಲಿ ಸೋಮವಾರ ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ್ದೆ, ಅದೂ ತಿಂಗಳ ಕೊನೆಯಲ್ಲಿ. ಒಬ್ಬರು ಪತ್ರ ಟೈಪ್ ಮಾಡಿ, ಸೇವ್ ಆ್ಯಸ್‌ಗೆಂದು ವರ್ಡ್‌ನ ಅಭ್ಯಾಸಬಲದಿಂದ ಎಫ್12 ಒತ್ತಿದರು. ಲಿಬ್ರೆಆಫೀಸ್‌ನಲ್ಲಿ ಪತ್ರ ಬರೆಯುವ ಭಾಗವಾದ ರೈಟರ್‌ನಲ್ಲಿ ಆ ಕೀಲಿ ಸಾಲಿಗೆ ನಂಬರ್ ಹಾಕುತ್ತದೆ. ಮತ್ತೆ ಒತ್ತಿದರು, ನಂಬರ್ ಹೋಯಿತು. ಹೀಗೇ ನಾಲ್ಕೈದು ಸಲ. ಕೊನೆಗೆ ಕೈ ಮಡಿಲಲ್ಲಿಟ್ಟುಕೊಂಡು ಸುಮ್ನೆ ಕೂತುಬಿಟ್ಟರು. ನನ್ನ ಎರಡು ದಿನದ ಸ್ಲೈಡುಗಳಲ್ಲಿ ಆ ಒಂದು ಕೀಲಿಯ ಮಾತೇ ಇರಲಿಲ್ಲ! ಈಗ ತರಬೇತಿಗೆ ಮುಂಚೆ ಒಂದು ದಿನ ಅವರ ಹಿಂದೆ ಕುರ್ಚಿ ಹಾಕಿಕೊಂಡು, ಬೆರಳು ಎಲ್ಲೆಲ್ಲಿ ಹೋಗುತ್ತದೆ ಎಂದು ಬರೆದುಕೊಳ್ಳುತ್ತೇನೆ. ಕಲಿಸುವುದು ಅಷ್ಟನ್ನೇ. ಸೇವ್ ಆ್ಯಸ್‌ಗೆ ಕಂಟ್ರೋಲ್, ಶಿಫ್ಟ್, ಎಸ್ ಎಂದು ಚೀಟಿ ಬರೆದು ಮಾನಿಟರ್‌ಗೆ ಅಂಟಿಸಿ.

'ವ್ಯೂ' ಮೆನುವಿನ 'ಯೂಸರ್ ಇಂಟರ್‌ಫೇಸ್'‌ಗೆ ಹೋಗಿ 'ಟ್ಯಾಬ್ಡ್' ಆರಿಸಿದರೆ ಪರದೆ ಅವರಿಗೆ ಗೊತ್ತಿರುವ ವರ್ಡ್‌ನ ಹಾಗೇ ಕಾಣುತ್ತದೆ. ಎರಡು ನಿಮಿಷದ ಕೆಲಸ, ಅರ್ಧ ಭಯ ಹೋಗುತ್ತದೆ.

ಇನ್ನು ನುಡಿ ಪತ್ರಗಳು. ಇದರಲ್ಲಿ ಲಿಬ್ರೆಆಫೀಸ್‌ನ ತಪ್ಪೇನಿಲ್ಲ. ಹಳೇ ನುಡಿ ಫೈಲ್‌ನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಕನ್ನಡವಾಗಿ ತೋರಿಸುವುದು ಫಾಂಟ್. ಹೊಸ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲ, ಹಾಗಾಗಿ ಗೀಚಿದ ಹಾಗೆ ಕಾಣುತ್ತದೆ. ಇವತ್ತೇ ಹಳೇ ನುಡಿ ಫಾಂಟ್‌ಗಳನ್ನು ಉಬುಂಟುಗೂ ಹಾಕಿ, ಪತ್ರಗಳು ಓದಲು ಬರುತ್ತವೆ. ದಿನಾ ಬೇಕಾಗುವ ನಮೂನೆಗಳನ್ನು ಮಾತ್ರ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ, ಯಾವ ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಸಂಕೇತಕ್ಕೆ ತನ್ನಿ. ಹಾಗೆ ಪರಿವರ್ತಿಸುವಾಗ ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡವಾಗಿ ಕಲಸಿಹೋಗಬಹುದು. ಸಾಲ ಪತ್ರದಲ್ಲಿ ಹೆಸರು ಕೆಟ್ಟರೆ ಕಷ್ಟ, ಆದ್ದರಿಂದ ಒಬ್ಬರು ಕೂತು ಓದಲೇಬೇಕು.

ಟೈಪಿಂಗ್‌ಗೆ ಉಬುಂಟುನಲ್ಲಿ ಐಬಸ್-ಎಂ17ಎನ್ ಎಂಬ ತಂತ್ರಾಂಶ ಹಾಕಿದರೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಸಿಗುತ್ತದೆ. ನುಡಿಗೆ ಒಗ್ಗಿದ ಬೆರಳಿಗೆ ಅದು ಹತ್ತಿರ.

ಪ್ರಶ್ನೆ: ಹಾಗಾದರೆ ಎಲ್ಲರನ್ನೂ ವಾಪಸ್ ವಿಂಡೋಸ್‌ಗೆ ಕರೆದುಕೊಂಡು ಹೋಗಲಾ?

ಉತ್ತರ: ಸ್ವಲ್ಪ ದಿನಕ್ಕೆ ಹೌದು, ನಾನಾದರೆ ಹಾಗೇ ಮಾಡುತ್ತೇನೆ. ಲಿಬ್ರೆಆಫೀಸ್ ವಿಂಡೋಸ್‌ನಲ್ಲೂ ಓಡುತ್ತದೆ. ಎರಡು ತಿಂಗಳು ಅಲ್ಲೇ ಕೈ ಪಳಗಲಿ, ಆಮೇಲೆ ಉಬುಂಟು. ಫ್ರಾನ್ಸ್‌ನ ಜಾಂಡಾರ್ಮರಿ ಪೊಲೀಸ್ ಪಡೆ ಮಾಡಿದ್ದೂ ಹೀಗೇ. 2005ರಲ್ಲಿ ಲಿಬ್ರೆಆಫೀಸ್‌ನ ಮೂಲವಾದ ಓಪನ್‌ಆಫೀಸ್, ಮರುವರ್ಷ ಫೈರ್‌ಫಾಕ್ಸ್ ಬ್ರೌಸರ್ ಮತ್ತು ಇಮೇಲ್‌ಗೆ ಥಂಡರ್‌ಬರ್ಡ್. ಉಬುಂಟುಗೆ ಕೈ ಹಾಕಿದ್ದು 2008ರಲ್ಲಿ. ಅಷ್ಟು ದೊಡ್ಡ ಪಡೆಯೇ ಅಲ್ಲಿಗೆ ಬರಲು ಮೂರು ವರ್ಷ ತೆಗೆದುಕೊಂಡಿದೆ, ನೀವು ಎರಡು ದಿನದಲ್ಲಿ ಮುಗಿಸಲು ಹೋದಿರಿ. ಬೆಂಬಲ ಮುಗಿದ ವಿಂಡೋಸ್ ಅಲ್ವಾ, ಆ ಎರಡು ತಿಂಗಳು ಇಂಟರ್ನೆಟ್ ಬಳಕೆ ಆದಷ್ಟು ಕಡಿಮೆ ಇರಲಿ.

ನಿಮ್ಮ ಲೆಕ್ಕದ ಸಾಫ್ಟ್‌ವೇರ್ ಬ್ರೌಸರ್‌ನಲ್ಲಿ ಓಡುತ್ತದಾ, ವಿಂಡೋಸ್‌ನಲ್ಲಿ ಮಾತ್ರವಾ? ಅದನ್ನು ಈ ವಾರವೇ ಪರೀಕ್ಷಿಸಿ.

ಪ್ರಶ್ನೆ (ಇನ್ನೊಬ್ಬರದು): ನಮ್ಮ ಬಡ್ಡಿ ಲೆಕ್ಕದ ಎಕ್ಸೆಲ್ ಶೀಟ್‌ನಲ್ಲಿ ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಂ) ಇದೆ. ಲಿಬ್ರೆಆಫೀಸ್‌ನಲ್ಲಿ ಎಕ್ಸೆಲ್ ಬದಲಿಗಿರುವ ಕ್ಯಾಲ್ಕ್‌ನಲ್ಲಿ ನಡೆಯುತ್ತದಾ?

ಉತ್ತರ: ಕೆಲವು ನಡೆಯುತ್ತವೆ, ಕೆಲವು ನಡೆಯುವುದಿಲ್ಲ. ನಂಬಿ ಕೂರಬೇಡಿ. ಹಳೇ ಸಾಲದ ಹತ್ತು ಖಾತೆ ತೆಗೆದು, ಎರಡರಲ್ಲೂ ಬಡ್ಡಿ ಹಾಕಿ ಪೈಸೆ ಸಮೇತ ತಾಳೆ ನೋಡಿ. ಹೊಂದದಿದ್ದರೆ ಒಂದು ಕಂಪ್ಯೂಟರ್‌ನಲ್ಲಿ ಎಕ್ಸೆಲ್ ಉಳಿಸಿಕೊಳ್ಳಿ. ಅದರಲ್ಲಿ ಸೋಲೇನೂ ಇಲ್ಲ.

ಪ್ರಶ್ನೆ (ಮೊದಲಿನವರೇ): ಸರ್ವಸದಸ್ಯರ ಸಭೆಯ ನೋಟಿಸ್ ಮೇಲ್ ಮರ್ಜ್‌ನಲ್ಲಿ (ಒಂದೇ ಪತ್ರಕ್ಕೆ ಪಟ್ಟಿಯಿಂದ ಒಬ್ಬೊಬ್ಬರ ಹೆಸರು, ವಿಳಾಸ ತಾನಾಗಿ ಸೇರಿಸುವುದು) ಆಗುತ್ತಾ? ಅದನ್ನೂ ಆ ಗುಮಾಸ್ತೆಯೇ ಮಾಡುತ್ತಿದ್ದರು.

ಉತ್ತರ: ಆಗುತ್ತದೆ. ಸದಸ್ಯರ ಪಟ್ಟಿ ಕ್ಯಾಲ್ಕ್‌ನಲ್ಲಿರಲಿ. ರೈಟರ್‌ನಲ್ಲಿ 'ಟೂಲ್ಸ್' ಮೆನುವಿನ ಮೇಲ್ ಮರ್ಜ್ ವಿಝಾರ್ಡ್ ತೆರೆಯಿರಿ. ಪಟ್ಟಿಯ ಹೆಸರು, ವಿಳಾಸವೂ ಯೂನಿಕೋಡ್‌ನಲ್ಲಿ ಇರಬೇಕು. ಮೊದಲು ಐದೇ ಹೆಸರು ಹಾಕಿ ಪ್ರಿಂಟ್ ತೆಗೆಯಿರಿ. ಆ ಐದನ್ನು ಅವರ ಕೈಯಲ್ಲೇ ತೆಗೆಸಿ.