ಒಂದೇ ಏರಿಗೆ ಎರಡು ಲೆಕ್ಕ: ಬಿಲ್ಲಿಗೆ ಯಾವುದನ್ನು ಹಿಡಿಯಬೇಕು?

ಕಿರಿಯ ಎಂಜಿನಿಯರ್:
ನಮ್ಮ ರಸ್ತೆ ಏರಿಯ ಮೇಲಗಲ 10 ಮೀಟರ್, ಪಕ್ಕದ ಇಳಿಜಾರು ಒಂದಕ್ಕೆ ಎರಡು, ಅಂದರೆ ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಅಡ್ಡಕ್ಕೆ. 30 ಮೀಟರ್ ಅಂತರದ ಎರಡು ಅಡ್ಡಛೇದಗಳಲ್ಲಿ (ಏರಿಯನ್ನು ಅಡ್ಡಲಾಗಿ ಕತ್ತರಿಸಿದಂತೆ ಅಳೆಯುವ ಕಡೆಗಳಲ್ಲಿ) ಭರ್ತಿಯ ಎತ್ತರ 1 ಮತ್ತು 3 ಮೀಟರ್ ಇರುವುದರಿಂದ ವಿಸ್ತೀರ್ಣ 12 ಮತ್ತು 48 ಚದರ ಮೀಟರ್ ಆಗುತ್ತದೆ. ಇವೆರಡರ ಸರಾಸರಿ ಹಿಡಿದು ಗುತ್ತಿಗೆದಾರರು 900 ಘನ ಮೀಟರ್ ಬರೆದಿದ್ದಾರೆ. ನಡುವಿನ ವಿಸ್ತೀರ್ಣವನ್ನೂ ಲೆಕ್ಕಕ್ಕೆ ಹಿಡಿಯುವ ಪ್ರಿಸ್ಮಾಯ್ಡಲ್ ಸೂತ್ರದಲ್ಲಿ ನನಗೆ 860 ಬರುತ್ತಿದೆ. ಯಾವುದು ಸರಿ ಸಾರ್?

ಹಳೆಯ ಸರ್ವೇಯರ್:
ನೆಲ ಸಮನಾಗಿ ಏರಿಳಿದಿದ್ದರೆ 860 ಸರಿ. ನಡುವೆ ಎತ್ತರ 2 ಮೀಟರ್ ಆದಾಗ ವಿಸ್ತೀರ್ಣ 28 ಮಾತ್ರ, ಸರಾಸರಿಯ 30 ಅಲ್ಲ. ಪಕ್ಕದ ಇಳಿಜಾರುಗಳ ಪಾಲು ಎತ್ತರದ ವರ್ಗದಂತೆ ಬೆಳೆಯುವುದೇ ಇದಕ್ಕೆ ಕಾರಣ.

ಬಿಲ್ಲಿಂಗ್ ವಿಭಾಗದವರು:
ಜ್ಯಾಮಿತಿ ಒಪ್ಪಿದೆ. ಆದರೆ ಕರಾರಿನಲ್ಲಿ ಸರಾಸರಿ ವಿಸ್ತೀರ್ಣದ ವಿಧಾನವೆಂದೇ ಬರೆದಿದ್ದರೆ, ಗುತ್ತಿಗೆದಾರರು ಅದನ್ನು ನೋಡಿಯೇ ದರ ನಮೂದಿಸಿರುತ್ತಾರೆ. ಕೆಲಸ ಮುಗಿದ ಮೇಲೆ ಸೂತ್ರ ಬದಲಿಸಿ 40 ಘನ ಮೀಟರ್ ಕಡಿತ ಮಾಡುವುದು ನ್ಯಾಯವಲ್ಲ.

ಹಳೆಯ ಸರ್ವೇಯರ್:
ಹಾಗಾದರೆ ಸೂತ್ರ ಹಾಗೇ ಇರಲಿ, ಅಡ್ಡಛೇದಗಳನ್ನು ಹೆಚ್ಚಿಸಿ. ಭರ್ತಿ ಶೂನ್ಯದಿಂದ 3 ಮೀಟರಿಗೆ ಏರುವ ಕಡೆ ಇದೇ ಸರಾಸರಿ 720 ತೋರಿಸುತ್ತದೆ, ನಿಜವಾದ ಗಾತ್ರ 630. ನಡುವೆ 15 ಮೀಟರಿನಲ್ಲಿ ಇನ್ನೊಂದು ಅಡ್ಡಛೇದ ತೆಗೆದರೆ ಅದೇ ವಿಧಾನದಲ್ಲೇ 652.5 ಬರುತ್ತದೆ, 90ರ ಹೆಚ್ಚಳ 22.5ಕ್ಕೆ ಇಳಿಯುತ್ತದೆ. ನೆಲ ಸಪಾಟಾಗಿರುವ ಕಡೆ ಹತ್ತು ಮೀಟರಿಗೊಮ್ಮೆ ಸ್ಟಾಫ್ (ಅಳತೆ ಕೋಲು) ನಿಲ್ಲಿಸಿ, ಭರ್ತಿ ಶೂನ್ಯವಾಗುವ ಬಿಂದುವಿನ ಬಳಿ ಒಂದು ಅಳತೆಯನ್ನೂ ತೆಗೆಯದ ಲೆವೆಲ್ ಪುಸ್ತಕಗಳನ್ನು (ನೆಲದ ಎತ್ತರದ ಅಳತೆ ಬರೆಯುವ ಪುಸ್ತಕಗಳನ್ನು) ನಾನು ಬಹಳ ನೋಡಿದ್ದೇನೆ.

ಗುತ್ತಿಗೆ ಕೆಲಸದವರು:
ಇಬ್ಬರೂ ನೆಲವನ್ನೇ ಮರೆತಿದ್ದೀರಿ. ಏರಿಯ ಬುಡದ ಅಗಲ ಒಂದು ಕಡೆ 14, ಇನ್ನೊಂದು ಕಡೆ 22 ಮೀಟರ್. ಮೇಲ್ಮಣ್ಣನ್ನು 15 ಸೆಂಟಿಮೀಟರ್ ಕೆರೆದು ತೆಗೆದಿದ್ದರೆ ಆ ತಗ್ಗು ತುಂಬುವುದಕ್ಕೇ 81 ಘನ ಮೀಟರ್ ಮಣ್ಣು ಬೇಕು, ಅಂದರೆ ನೀವು ವಾದಿಸುತ್ತಿರುವ 40ರ ಎರಡರಷ್ಟು. ಮೂಲ ಲೆವೆಲ್ ತೆಗೆದದ್ದು ಕೆರೆಯುವ ಮೊದಲೋ, ನಂತರವೋ?

ಬಿಲ್ಲಿಂಗ್ ವಿಭಾಗದವರು:
ಸರಿಯಾದ ಪ್ರಶ್ನೆ. ಮೇಲ್ಮಣ್ಣು ತೆಗೆಯುವುದಕ್ಕೆ ಪ್ರತ್ಯೇಕ ಬಾಬತ್ತು ಇದ್ದರೂ, ಆ ತಗ್ಗಿನ ಭರ್ತಿ ಯಾವ ಬಾಬತ್ತಿಗೆ ಸೇರುತ್ತದೆಂದು ಕರಾರಿನಲ್ಲಿ ನೋಡಿಯೇ ಮುಂದುವರಿಯಬೇಕು.

ಕಿರಿಯ ಎಂಜಿನಿಯರ್:
ಈಗಷ್ಟೇ ಲೆವೆಲ್ ಪುಸ್ತಕ ತೆರೆದು ನೋಡಿದೆ. ಲೆವೆಲ್ ತೆಗೆದಿರುವುದು ಕೆರೆಯುವ ಮೊದಲು. ಕೆರೆದ ನಂತರದ ಪುಟವೇ ಇಲ್ಲ. ಇರುವ ಪುಟದಲ್ಲೂ ಗುತ್ತಿಗೆದಾರರ ಸಹಿ ಬಿದ್ದಿಲ್ಲ.