1914-15ರ ಇಂಡಿಯನ್ ಕೋರ್ ಫ್ರಾನ್ಸ್‌ನಲ್ಲಿ ಒಂದೇ ವರ್ಷಕ್ಕೆ ಮುಗಿದಿದ್ದು ಯಾಕೆ?

ಪ್ರಶ್ನೆ (ಹಳೇಕಡತ): ಮೊದಲ ಮಹಾಯುದ್ಧಕ್ಕೆ ಬ್ರಿಟಿಷರು ಫ್ರಾನ್ಸ್‌ಗೆ ಕಳಿಸಿದ ಭಾರತೀಯ ಸೇನಾದಳ ಈ ಕೋರ್. ಫ್ರಾನ್ಸ್‌ನ ಬಂದರು ಮಾರ್ಸೇಲ್ಸ್‌ಗೆ 1914ರ ಸೆಪ್ಟೆಂಬರ್ 26ರಂದು ಬಂದಿಳಿಯಲು ಶುರುವಾದ ಕೋರ್ 1915ರ ಕೊನೆಗೆ ಮೆಸೊಪೊಟೇಮಿಯದ (ಇಂದಿನ ಇರಾಕ್) ದಾರಿ ಹಿಡಿಯಿತು. ‘ಚಳಿ ತಡೆಯಲಾಗಲಿಲ್ಲ’ ಅಂತಲೇ ಎಲ್ಲರೂ ಬರೆಯುತ್ತಾರೆ. ನಿಜವಾದ ಕಾರಣ ಅದೇನಾ? ರಚನೆಯೂ ಬೇಕಿತ್ತು. ಮೈಸೂರು ಸಂಸ್ಥಾನದ ಅಶ್ವದಳ ಮೈಸೂರು ಲ್ಯಾನ್ಸರ್ಸ್ ಇದರಲ್ಲಿ ಇದ್ದರಾ?

ಉತ್ತರ (ಬ್ರಿಗೇಡ್_ನಕ್ಷೆ): ಇರಲಿಲ್ಲ. ಅವರು ಹೋದದ್ದು ಈಜಿಪ್ಟ್, ಆಮೇಲೆ ಪ್ಯಾಲೆಸ್ಟೈನ್.

ಕೋರ್ ಕಮಾಂಡರ್ ಜೇಮ್ಸ್ ವಿಲ್ಕಾಕ್ಸ್. ಕೈಕೆಳಗೆ ಎರಡು ಡಿವಿಷನ್: ಲಾಹೋರ್ (ಫಿರೋಜ್‌ಪುರ, ಜಲಂಧರ್, ಸಿರ್‌ಹಿಂದ್ ಬ್ರಿಗೇಡ್) ಮತ್ತು ಮೀರತ್ (ಡೆಹ್ರಾಡೂನ್, ಗಢವಾಲ್, ಬರೇಲಿ ಬ್ರಿಗೇಡ್). ಲಾಹೋರ್ 3ನೆಯದು, ಮೀರತ್ 7ನೆಯದು; ಬ್ರಿಟಿಷ್ 3, 7ನೇ ಡಿವಿಷನ್‌ಗಳೂ ಅಲ್ಲೇ ಇದ್ದುದರಿಂದ ಇವನ್ನು ಸಂಖ್ಯೆ ಬಿಟ್ಟು ಹೆಸರಿನಿಂದಲೇ ಕರೆದರು. ಒಂದು ಬ್ರಿಗೇಡ್ ಅಂದರೆ ಸಾಮಾನ್ಯವಾಗಿ ಒಂದು ಬ್ರಿಟಿಷ್, ಮೂರು ಭಾರತೀಯ ಬೆಟಾಲಿಯನ್. ಮಾರ್ಸೇಲ್ಸ್‌ನಲ್ಲೇ ಹಳೇ ರೈಫಲ್ ವಾಪಸ್ ತೆಗೆದುಕೊಂಡು ಹೊಸ ಮದ್ದುಗುಂಡಿಗೆ ಹೊಂದುವ ಲೀ-ಎನ್‌ಫೀಲ್ಡ್ ಕೊಟ್ಟರು. ಸಿರ್‌ಹಿಂದ್ ಬ್ರಿಗೇಡ್ ಈಜಿಪ್ಟಿನಲ್ಲೇ ಉಳಿದು ತಡವಾಗಿ ಬಂತು. ಬಂದವರನ್ನಾದರೂ ಒಟ್ಟಿಗೆ ಇಟ್ಟರಾ? ಅಕ್ಟೋಬರ್‌ನಲ್ಲಿ ಫಿರೋಜ್‌ಪುರ ಬ್ರಿಗೇಡನ್ನು ಚೂರುಚೂರು ಮಾಡಿ ಬ್ರಿಟಿಷ್ ಅಶ್ವದಳದ ಸಾಲಿನ ತೂತು ಮುಚ್ಚಲು ಬಳಸಿದರು. ಅಕ್ಟೋಬರ್ 28ರಂದು ಉತ್ತರ ಫ್ರಾನ್ಸ್‌ನ ಹಳ್ಳಿ ನೂವ್ ಶಾಪೆಲ್‌ನಲ್ಲಿ ಸ್ಯಾಪರ್ಸ್ (ಸೇನಾ ಎಂಜಿನಿಯರ್) ಕಂಪನಿಗಳನ್ನೇ ಕಾಲಾಳುಗಳಂತೆ ದಾಳಿಗೆ ಕಳಿಸಿದರು. ಕಂದಕ ತೋಡಲು, ಬಾಂಬ್ ಮಾಡಲು ಕಲಿತವರನ್ನು ಹಾಗೆ ಕಳೆದುಕೊಂಡದ್ದು ಶುದ್ಧ ದಂಡ.

ಉತ್ತರ (ಕಂಪನಿ_ಹವಾಲ್ದಾರ): ಚಳಿ ಕಾಟ ಕೊಟ್ಟಿತು, ಸರಿ. ಆದರೆ ಕೋರ್ ಸೊರಗಿದ್ದು ಬದಲಿ ಆಳುಗಳು ಸಿಗದೆ. ಬ್ರಿಟಿಷ್ ಬೆಟಾಲಿಯನ್‌ನಲ್ಲಿ ಸುಮಾರು 1000 ಜನ, 30 ಅಧಿಕಾರಿಗಳು. ಭಾರತೀಯ ಬೆಟಾಲಿಯನ್‌ನಲ್ಲಿ ಸುಮಾರು 750 ಜನ, ಬ್ರಿಟಿಷ್ ಅಧಿಕಾರಿಗಳು ಬರೀ 12-13. ಅವರ ಕೆಳಗೆ ಸುಬೇದಾರ್, ಜಮಾದಾರ್ ಸೇರಿ 17 ಭಾರತೀಯ ಅಧಿಕಾರಿಗಳಿದ್ದರೂ ಬೆಟಾಲಿಯನ್ ನಡೆಸುವ ಅಧಿಕಾರ ಅವರಿಗಿರಲಿಲ್ಲ. ಸಿಪಾಯಿಗಳ ಭಾಷೆ ಬಲ್ಲ ಬ್ರಿಟಿಷ್ ಅಧಿಕಾರಿ ಬಿದ್ದರೆ ಅಂಥ ಇನ್ನೊಬ್ಬ ಇಂಗ್ಲೆಂಡಿನಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ.

ಇನ್ನೊಂದು ಗಂಟು: ಕಂಪನಿಗಳು ಜನಾಂಗವಾರು. 57ನೇ ವೈಲ್ಡ್ಸ್ ರೈಫಲ್ಸ್‌ನಲ್ಲಿ ಸಿಖ್, ಡೋಗ್ರಾ, ಪಂಜಾಬಿ ಮುಸ್ಲಿಂ, ಪಠಾಣ್ ಎಲ್ಲರೂ ಇದ್ದರು. ಡೋಗ್ರಾ ಕಂಪನಿ ಕರಗಿದರೆ ಡೋಗ್ರಾಗಳೇ ಬರಬೇಕು, ಅದೂ ಸಮುದ್ರ ದಾಟಿ. ಬಂದ ರಿಸರ್ವಿನವರಲ್ಲಿ ವಯಸ್ಸಾದವರು, ದೇಹ ಒಗ್ಗದವರು ಬಹಳ. 1915ರ ಮಾರ್ಚ್ 10ರಂದು ಶುರುವಾದ ನೂವ್ ಶಾಪೆಲ್ ಕದನದಲ್ಲಿ ಕೋರ್‌ಗೆ 4000ಕ್ಕೂ ಮೇಲೆ ಸಾವುನೋವು. ಅದಾದ ಮೇಲೆ 39ನೇ ಗಢವಾಲ್‌ನ ಎರಡೂ ಬೆಟಾಲಿಯನ್ ಸೇರಿಸಿ ಒಂದು ಮಾಡಬೇಕಾಯಿತು. ಖಾಲಿ ಜಾಗಕ್ಕೆ ಬ್ರಿಟಿಷ್ ಟೆರಿಟೋರಿಯಲ್ (ಅರೆಕಾಲಿಕ ಸೈನಿಕರ) ಬೆಟಾಲಿಯನ್‌ಗಳನ್ನು ತುಂಬುತ್ತಾ ಹೋದಂತೆ ‘ಇಂಡಿಯನ್’ ಅನ್ನುವುದು ಅರ್ಧ ಹೆಸರಿಗಷ್ಟೇ ಉಳಿಯಿತು. ಸೆಪ್ಟೆಂಬರ್‌ನಲ್ಲಿ ವಿಲ್ಕಾಕ್ಸ್ ಹೋಗಿ ಚಾರ್ಲ್ಸ್ ಆಂಡರ್ಸನ್ ಬಂದರು.

ಉತ್ತರ (ಬ್ರಿಗೇಡ್_ನಕ್ಷೆ): ಒಂದು ಸೇರಿಸುತ್ತೇನೆ: ಹೊರಟದ್ದು ಕಾಲಾಳು ಡಿವಿಷನ್‌ಗಳು. ಭಾರತೀಯ ಅಶ್ವದಳ 1918ರವರೆಗೂ ಫ್ರಾನ್ಸ್‌ನಲ್ಲೇ ಇತ್ತು. ಯುದ್ಧದ ದಿನಚರಿ ಹುಡುಕುವವರು ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಡಬ್ಲ್ಯೂಒ 95 ಸರಣಿ ನೋಡಿ. ರೆಜಿಮೆಂಟಿನ 1914ರ ಹೆಸರನ್ನೇ ಹಾಕಿ. 1922ರಲ್ಲಿ ಸಂಖ್ಯೆಗಳು ಬದಲಾದವು, 129ನೇ ಬಲೂಚಿ ಆಮೇಲೆ 10ನೇ ಬಲೂಚ್‌ನ 4ನೇ ಬೆಟಾಲಿಯನ್.