ಮನೆಯ ಪಕ್ಕದಲ್ಲಿ ಡ್ರೈವ್ ಥ್ರೂ ಹೋಟೆಲ್: ಆಕ್ಷೇಪಣೆಯನ್ನು ಯಾರಿಗೆ, ಯಾವಾಗ, ಹೇಗೆ ಸಲ್ಲಿಸಬೇಕು?

ಪ್ರಶ್ನೆ (ನಿವೃತ್ತ ಶಿಕ್ಷಕಿ, ತಿಲಕವಾಡಿ, ಬೆಳಗಾವಿ):

ನಮ್ಮ ಓಣಿಯ ಮೂಲೆಯಲ್ಲಿದ್ದ ಹಳೆಯ ಹಂಚಿನ ಬಂಗಲೆಯನ್ನು ದೀಪಾವಳಿ ಮುಗಿದ ವಾರವೇ ಕೆಡವಿದರು. ಸುಮಾರು 12 ಗುಂಟೆಯ ಆ ಜಾಗದ ಸುತ್ತ ಈಗ ತಗಡು ಕಟ್ಟಿದ್ದಾರೆ. ಅಲ್ಲಿ ಡ್ರೈವ್ ಥ್ರೂ ಹೋಟೆಲ್ ಬರಲಿದೆಯೆಂದು, ಅಂದರೆ ಗಿರಾಕಿಗಳು ಕಾರಿನಿಂದ ಇಳಿಯದೆ ಮೈಕಿನಲ್ಲಿ ಆರ್ಡರ್ ಹೇಳಿ ಕಿಟಕಿಯಲ್ಲಿ ಪೊಟ್ಟಣ ಪಡೆದು ಹೋಗುವ ವ್ಯವಸ್ಥೆಯೆಂದು, ಗುತ್ತಿಗೆದಾರರ ಕಡೆಯವರೇ ತಿಳಿಸಿದರು. ನಮ್ಮ ರಸ್ತೆ 40 ಅಡಿಯದು. ನೂರು ಹೆಜ್ಜೆಯ ಅಂತರದಲ್ಲಿ ಪ್ರಾಥಮಿಕ ಶಾಲೆಯಿದೆ, ಎದುರು ಓಣಿಯಲ್ಲಿ ಮಂಗಲ ಕಾರ್ಯಾಲಯವಿದೆ. ನಾವು 64 ಮನೆಗಳವರು ಸಹಿ ಮಾಡಿ “ನಮಗೆ ಈ ಹೋಟೆಲ್ ಬೇಡ” ಎಂಬ ಮನವಿಯನ್ನು ಸಿದ್ಧಪಡಿಸಿದ್ದೇವೆ. ಅದನ್ನು ಯಾರಿಗೆ ಕೊಡಬೇಕು? ಅದರಿಂದ ಪ್ರಯೋಜನವಾಗುತ್ತದೆಯೇ? ನಗರ ಯೋಜನೆಯಲ್ಲಿ ಅನುಭವವಿರುವ ಹಿರಿಯರು ದಯವಿಟ್ಟು ತಿಳಿಸಬೇಕು.

ಉತ್ತರ (ನಿವೃತ್ತ ನಗರ ಯೋಜಕ):

ಅಕ್ಕಾವರೇ, ಮನವಿಯನ್ನು ಇನ್ನೂ ಕೊಟ್ಟಿಲ್ಲವೆಂದರೆ ಒಳ್ಳೆಯದೇ ಆಯಿತು. ಅದನ್ನು ತಿದ್ದಿ ಬರೆಯಲು ಅವಕಾಶವಿದೆ. “ಬೇಡ” ಎಂಬ ಒಂದೇ ಕಾರಣಕ್ಕೆ ಯಾವ ಅಧಿಕಾರಿಯೂ ಹೋಟೆಲಿನವರ ಅರ್ಜಿಯನ್ನು ತಿರಸ್ಕರಿಸಲಾರ, ತಿರಸ್ಕರಿಸಿದರೂ ಅದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಹೋಟೆಲ್ ನಡೆಸುವುದು ಅಪರಾಧವಲ್ಲ. ಆ ಜಾಗದಲ್ಲಿ, ಆ ರಸ್ತೆಯ ಮೇಲೆ, ಆ ಬಗೆಯ ಹೋಟೆಲಿಗೆ ನಿಯಮದಲ್ಲಿ ಎಡೆಯಿದೆಯೇ ಎಂಬುದಷ್ಟೇ ಇಲ್ಲಿ ಎತ್ತಬೇಕಾದ ಪ್ರಶ್ನೆ.

ಮೊದಲು ಆ ಜಾಗದ ಸಿ.ಟಿ.ಎಸ್. ನಂಬರನ್ನು, ಅಂದರೆ ನಗರ ಭೂಮಾಪನ ಸಂಖ್ಯೆಯನ್ನು, ಹುಡುಕಿರಿ. ಅದು ಸಿಕ್ಕರೆ ಪಿ.ಆರ್. ಕಾರ್ಡ್ (ಆಸ್ತಿ ದಾಖಲೆ) ಉತಾರವನ್ನೂ, ಜಾಗ ಒಂದು ಕಾಲಕ್ಕೆ ಹೊಲವಾಗಿದ್ದರೆ ಅದರ ಎನ್.ಎ. (ಕೃಷಿಯೇತರ ಉಪಯೋಗದ) ಆದೇಶವನ್ನೂ ಪಡೆಯಬಹುದು. ಎನ್.ಎ. ಎಂದರೆ ಏನು ಬೇಕಾದರೂ ಕಟ್ಟಬಹುದು ಎಂಬ ತಪ್ಪು ತಿಳಿವಳಿಕೆ ನಮ್ಮ ಊರಿನಲ್ಲಿ ಬಹಳ ಹಿಂದಿನಿಂದಲೂ ಇದೆ. ಭೂಕಂದಾಯ ಕಾಯ್ದೆ 1964ರ 95ನೆಯ ಕಲಮಿನ ಕೆಳಗೆ ಕೊಡುವ ಆ ಆದೇಶದಲ್ಲಿ ಉದ್ದೇಶವನ್ನು ಬರೆದಿರುತ್ತಾರೆ: ವಾಸ್ತವ್ಯಕ್ಕೆ, ವಾಣಿಜ್ಯಕ್ಕೆ, ಕೈಗಾರಿಕೆಗೆ ಎಂದು. ವಾಸ್ತವ್ಯಕ್ಕೆಂದು ಎನ್.ಎ. ಆದ ಜಾಗದಲ್ಲಿ ಹೋಟೆಲ್ ಎದ್ದರೆ ಅದು ಆದೇಶದ ಷರತ್ತಿಗೆ ವಿರುದ್ಧವಾಗುತ್ತದೆ.

ಎರಡನೆಯದಾಗಿ, ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಗೆ, ಅಂದರೆ ನಾವೆಲ್ಲ ಬುಡಾ ಎನ್ನುವ ಕಚೇರಿಗೆ, ಹೋಗಿ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಆ ಜಾಗ ಯಾವ ಬಣ್ಣದಲ್ಲಿದೆ ಎಂದು ನೋಡಿರಿ. ಹಳದಿ ಇದ್ದರೆ ವಸತಿ, ನೀಲಿ ಇದ್ದರೆ ವಾಣಿಜ್ಯ. ಹಳದಿ ಬಣ್ಣವನ್ನು ನೋಡಿದ ಕೂಡಲೇ ಗೆದ್ದೆವೆಂದು ತಿಳಿಯಬೇಡಿರಿ. ವಲಯ ನಿಯಮಾವಳಿಯಲ್ಲಿ ವಸತಿ ವಲಯದ ಕೆಳಗೂ, ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಒಪ್ಪಬಹುದಾದ ಉಪಯೋಗಗಳ ಪಟ್ಟಿಯೊಂದು ಇರುತ್ತದೆ, ಮತ್ತು ಅದು ರಸ್ತೆಯ ಅಗಲವನ್ನೂ ನಿವೇಶನದ ಅಳತೆಯನ್ನೂ ಅವಲಂಬಿಸಿರುತ್ತದೆ. ಆದ್ದರಿಂದ ಟೇಪ್ ಹಿಡಿದು ನಿಮ್ಮ ರಸ್ತೆಯನ್ನು ನೀವೇ ಅಳೆಯಿರಿ. ನಕ್ಷೆಯಲ್ಲಿ 40 ಅಡಿ ಇದ್ದದ್ದು ಗಟಾರ, ಕಟ್ಟೆ, ಮೆಟ್ಟಿಲುಗಳನ್ನು ಕಳೆದರೆ 28 ಅಡಿ ಉಳಿದ ಉದಾಹರಣೆಗಳನ್ನು ನಾನು ಕೆಲಸದಲ್ಲಿದ್ದಾಗ ಎಷ್ಟೋ ಕಂಡಿದ್ದೇನೆ.

ಮಾಲೀಕರು ಭೂ ಉಪಯೋಗದ ಬದಲಾವಣೆಯನ್ನೇ ಕೋರಿದ್ದರೆ, ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಕಲಮು ಅನ್ವಯಿಸುತ್ತದೆ. ಆಗ ಬದಲಾವಣೆ ಸಾರ್ವಜನಿಕ ಹಿತದಲ್ಲಿರಬೇಕು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯಬೇಕು, ಸರ್ಕಾರದ ಪೂರ್ವಾನುಮತಿಯೂ ಬೇಕು. ಆ ಪ್ರಕಟಣೆ ಸಾಮಾನ್ಯವಾಗಿ ಒಳಪುಟದ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ಬಂದು ಹೋಗುತ್ತದೆ. ನಿಮ್ಮ ಓಣಿಯಲ್ಲಿ ಕನ್ನಡ ಪತ್ರಿಕೆ ತರಿಸುವವರೊಬ್ಬರು, ಮರಾಠಿ ಪತ್ರಿಕೆ ತರಿಸುವವರೊಬ್ಬರು ದಿನಾಲೂ ಅದರ ಮೇಲೆ ಕಣ್ಣಿಟ್ಟಿರಲಿ. ಬದಲಾವಣೆ ಬೇಕಿಲ್ಲದ ಜಾಗವಾದರೆ ಮಾತ್ರ ಸ್ವಲ್ಪ ಕಷ್ಟ: ಕೇವಲ ಕಟ್ಟಡ ಪರವಾನಗಿಗೆ ನೆರೆಹೊರೆಯವರನ್ನು ಕೇಳುವ ಪದ್ಧತಿಯಿಲ್ಲ. ಯಾರೂ ಕರೆಯುವುದಿಲ್ಲ, ನೀವೇ ಮುಂದಾಗಿ ಮಹಾನಗರ ಪಾಲಿಕೆಯ ಆಯುಕ್ತರಿಗೆ ಬರೆಯಬೇಕು, ಅದೂ ಪರವಾನಗಿ ಹೊರಬೀಳುವ ಮೊದಲು.

ಪ್ರಶ್ನೆ (ಅದೇ ಶಿಕ್ಷಕಿ):

ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು, ಸರ್. ನಮ್ಮ ಮನವಿಯಲ್ಲಿ ಹೊಗೆ, ವಾಸನೆ, ಗದ್ದಲ, ರಾತ್ರಿ ಪುಂಡರ ಓಡಾಟ, ಮಕ್ಕಳ ಆರೋಗ್ಯ, ನಮ್ಮ ಸಂಸ್ಕೃತಿ, ಹೀಗೆ ಹನ್ನೊಂದು ಕಾರಣಗಳನ್ನು ಬರೆದಿದ್ದೇವೆ. ಅವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು?

ಉತ್ತರ (ನಿವೃತ್ತ ನಗರ ಯೋಜಕ):

ಸಂಸ್ಕೃತಿಯನ್ನೂ ಪುಂಡರನ್ನೂ ತೆಗೆಯಿರಿ. ಮಿಕ್ಕವು ಇರಲಿ, ಆದರೆ ಎಲ್ಲಕ್ಕಿಂತ ಮೇಲೆ ನೀವು ಬರೆಯದೇ ಬಿಟ್ಟಿರುವ ಒಂದು ಕಾರಣವನ್ನು ಬರೆಯಿರಿ. ಅದು ವಾಹನಗಳ ಸಾಲು.

ಸಾಮಾನ್ಯ ಹೋಟೆಲಿಗೂ ಡ್ರೈವ್ ಥ್ರೂಗೂ ಇರುವ ವ್ಯತ್ಯಾಸ ಅಡುಗೆಯಲ್ಲಿಲ್ಲ, ಸಾಲಿನಲ್ಲಿದೆ. ಸಾಮಾನ್ಯ ಹೋಟೆಲಿನಲ್ಲಿ ಟೇಬಲ್ ಸಿಗದಿದ್ದರೆ ಜನ ಬಾಗಿಲಲ್ಲಿ ನಿಲ್ಲುತ್ತಾರೆ. ಇಲ್ಲಿ ಕಾರುಗಳು ನಿಲ್ಲುತ್ತವೆ, ಇಂಜಿನ್ ಬಂದ್ ಮಾಡದೆ. ಸಾಲಿನಲ್ಲಿ ನಿಂತ ಒಂದು ಕಾರಿಗೆ ಮುಂದಿನ ಅಂತರವೂ ಸೇರಿ ಸುಮಾರು 6 ಮೀಟರ್ ಬೇಕೆಂದು ಲೆಕ್ಕ ಹಾಕುತ್ತಾರೆ. ಉದಾಹರಣೆಗೆ, ಕಿಟಕಿಯಲ್ಲಿ ಒಂದು ಕಾರಿಗೆ 3 ನಿಮಿಷ ಹಿಡಿದರೆ ಗಂಟೆಗೆ 20 ಕಾರುಗಳಿಗೆ ಪೊಟ್ಟಣ ಕೊಡಬಹುದು. ಭಾನುವಾರ ರಾತ್ರಿ ಎಂಟರಿಂದ ಒಂಬತ್ತರ ನಡುವೆ 32 ಕಾರುಗಳು ಬಂದವೆನ್ನಿ. ಒಂಬತ್ತಕ್ಕೆ 12 ಕಾರುಗಳು ಸಾಲಿನಲ್ಲಿ ಉಳಿಯುತ್ತವೆ, ಅಂದರೆ 72 ಮೀಟರ್. ಗೇಟಿನಿಂದ ಕಿಟಕಿಯವರೆಗಿನ ಒಳದಾರಿ 45 ಮೀಟರ್ ಇದ್ದರೆ ಅದರಲ್ಲಿ 7 ಕಾರುಗಳು ಹಿಡಿಸುತ್ತವೆ. ಉಳಿದ 5 ಕಾರುಗಳು ನಿಮ್ಮ ರಸ್ತೆಯ ಮೇಲೆ 30 ಮೀಟರ್ ಜಾಗ ಹಿಡಿದು ನಿಲ್ಲುತ್ತವೆ. ಅದೇ ದಿನ ಎದುರಿನ ಮಂಗಲ ಕಾರ್ಯಾಲಯದಲ್ಲಿ ಮದುವೆಯಿದ್ದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಅಂಶವನ್ನು ನಕ್ಷೆ ಬಿಡಿಸಿ ತೋರಿಸಿರಿ. ನಮ್ಮಲ್ಲಿ ಚಾಲಕ ಬಲಬದಿಗೆ ಕೂರುವುದರಿಂದ ಕಿಟಕಿಯೂ ಬಲಬದಿಗೇ ಬರಬೇಕು. ಹಾಗಾಗಿ ಕಾರು ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕಿದಂತೆ ಕಟ್ಟಡವನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತದೆ. ನಿವೇಶನದ ಬದಿಯಿಂದಲೇ ಬರುವ ಕಾರು ಎಡಕ್ಕೆ ತಿರುಗಿ ಸಲೀಸಾಗಿ ಒಳಹೋಗಬಹುದು; ಎದುರುಬದಿಯಿಂದ ಬರುವುದು ಪೂರ್ತಿ ರಸ್ತೆಯನ್ನು ಅಡ್ಡಹಾಯ್ದು, ಹೊರಬರುವ ಕಾರುಗಳನ್ನು ದಾಟಿ ಒಳಹೋಗಬೇಕು. ಶಾಲೆ ಬಿಡುವ ಹೊತ್ತಿಗೆ ಆ ಅಡ್ಡಹಾಯುವಿಕೆ ಎಲ್ಲಿ ನಡೆಯುತ್ತದೆ ಎಂಬುದನ್ನು ಗುರುತಿಸಿರಿ. ಪೊಟ್ಟಣ ಒಯ್ಯಲು ಬರುವ ಡೆಲಿವರಿ ಹುಡುಗರ ಬೈಕುಗಳನ್ನು ಮರೆಯಬೇಡಿರಿ; ಅವು ಕಾರಿನ ಸಾಲಿಗೆ ಸೇರುವುದಿಲ್ಲ, ರಸ್ತೆಯ ಅಂಚಿನಲ್ಲೇ ನಿಲ್ಲುತ್ತವೆ.

ಈ ಲೆಕ್ಕ ನನ್ನದು, ನಿಮ್ಮ ಹೋಟೆಲಿನವರದಲ್ಲ. ನಿಮ್ಮ ಅರ್ಜಿಯಲ್ಲಿ ಅವರ ಲೆಕ್ಕವನ್ನು ಕೇಳಿರಿ: ಒಳದಾರಿಯ ಉದ್ದವೆಷ್ಟು, ಎಷ್ಟು ಕಾರುಗಳು ಹಿಡಿಸುತ್ತವೆ, ಸಾಲು ಗೇಟಿನಾಚೆ ಬಂದರೆ ಯಾರು ತೆರವು ಮಾಡುತ್ತಾರೆ, ಸಂಚಾರ ಪೊಲೀಸರ ಅಭಿಪ್ರಾಯವನ್ನು ಪಡೆದಿದ್ದಾರೆಯೇ. ಉತ್ತರವಿಲ್ಲದ ಪ್ರಶ್ನೆ ಕಡತದಲ್ಲಿ ಕುಳಿತರೆ ಅದನ್ನು ದಾಟಿ ಸಹಿ ಮಾಡಲು ಯಾವ ಅಧಿಕಾರಿಯೂ ಹಿಂಜರಿಯುತ್ತಾನೆ. 64 ಸಹಿಗಳಿಗಿಂತ ಅಳತೆಯಿರುವ ಒಂದು ನಕ್ಷೆಗೆ ಹೆಚ್ಚು ತೂಕವಿದೆ.

ಪ್ರಶ್ನೆ (ಹಿಂದವಾಡಿಯ ನಿವಾಸಿ, ಎರಡು ಮಕ್ಕಳ ತಂದೆ):

ಮೈಕಿನ ಸದ್ದಿನ ಬಗ್ಗೆ ಏನು ಮಾಡಬಹುದು? ಶಾಲೆಯ ಸುತ್ತ 100 ಮೀಟರ್ ಶಬ್ದರಹಿತ ವಲಯ ಅಲ್ಲವೇ?

ಉತ್ತರ (ವಕೀಲರು, ಬೆಳಗಾವಿ):

ಇದಕ್ಕೆ ನಾನು ಉತ್ತರಿಸುತ್ತೇನೆ. ಶಾಲೆಯಿದ್ದ ಮಾತ್ರಕ್ಕೆ ಆ ರಕ್ಷಣೆ ತಾನಾಗಿಯೇ ಸಿಗುವುದಿಲ್ಲ. 2017ರ ತಿದ್ದುಪಡಿಯ ನಂತರ ರಾಜ್ಯ ಸರ್ಕಾರ ಅಧಿಸೂಚಿಸಿದ ಪ್ರದೇಶವಷ್ಟೇ ಶಬ್ದರಹಿತ ವಲಯ. ಆದರೆ ಶಬ್ದಮಾಲಿನ್ಯ ನಿಯಮಗಳು 2000ರ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್. ಖಾಸಗಿ ಜಾಗದ ಧ್ವನಿವ್ಯವಸ್ಥೆಯ ಸದ್ದು ಅದರ ಎಲ್ಲೆಯ ಬಳಿ ಈ ಮಿತಿಗಿಂತ 5 ಡೆಸಿಬೆಲ್‌ಗೂ ಹೆಚ್ಚು ಇರುವಂತಿಲ್ಲ. ರಾತ್ರಿ ಹತ್ತರ ನಂತರ ಆರ್ಡರ್ ಮೈಕ್ ಬಳಸಬಾರದೆಂಬ ಷರತ್ತನ್ನು ವ್ಯಾಪಾರ ಪರವಾನಗಿಯಲ್ಲಿಯೇ ಬರೆಸಿರೆಂದು ಪಾಲಿಕೆಗೆ ಈಗಲೇ ಕೋರಿರಿ. ಆಮೇಲೆ ದೂರು ಕೊಡುತ್ತ ತಿರುಗುವುದಕ್ಕಿಂತ ಅದು ಸುಲಭ.

ಅಭಿಪ್ರಾಯ (ಕಾಲೇಜು ರಸ್ತೆಯ ಅಂಗಡಿಕಾರ):

ಎಲ್ಲರೂ ವಿರೋಧಿಸುತ್ತಿದ್ದೀರಿ, ಆದ್ದರಿಂದ ಇನ್ನೊಂದು ಮಾತನ್ನೂ ಹೇಳಬೇಕೆನಿಸಿತು. ನಮ್ಮ ಊರಿನ ಮಕ್ಕಳು ಇಂಥ ಕೆಲಸಗಳಿಗಾಗಿ ಪುಣೆಗೂ ಬೆಂಗಳೂರಿಗೂ ಹೋಗುತ್ತಿದ್ದಾರೆ. ಇಲ್ಲಿಗೆ ಬಂಡವಾಳ ಬಂದರೆ ತಗಾದೆ ತೆಗೆಯುತ್ತೇವೆ. ಅಮೆರಿಕದಲ್ಲಿ ಓಣಿಗೊಂದು ಡ್ರೈವ್ ಥ್ರೂ ಇದೆ, ಅಲ್ಲಿಯವರಿಗಿಲ್ಲದ ತೊಂದರೆ ನಮಗೇಕೆ?

ಉತ್ತರ (ನಿವೃತ್ತ ನಗರ ಯೋಜಕ):

ನಿಮ್ಮ ಮಾತಿನ ಮೊದಲರ್ಧವನ್ನು ನಾನು ಒಪ್ಪುತ್ತೇನೆ. ಇದೇ ಹೋಟೆಲ್ ಹೆದ್ದಾರಿಯ ಬದಿಯಲ್ಲಿ, ಸೇವಾ ರಸ್ತೆಯಿರುವ ಜಾಗದಲ್ಲಿ ಬಂದರೆ ನನ್ನ ತಕರಾರಿಲ್ಲ. ಮೊಮ್ಮಕ್ಕಳನ್ನು ನಾನೇ ಕರೆದೊಯ್ಯುತ್ತೇನೆ. ಎರಡನೆಯ ಅರ್ಧ ಮಾತ್ರ ಸರಿಯಲ್ಲ. ಅಲ್ಲಿಯೂ ತೊಂದರೆಯಾಗಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊ ನಗರ 1982ರಲ್ಲಿಯೇ ಡ್ರೈವ್ ಥ್ರೂಗಳನ್ನು ನಿಷೇಧಿಸಿತು, ಮಿನಿಯಾಪೊಲಿಸ್ ನಗರ 2019ರಲ್ಲಿ ಹೊಸದಾಗಿ ಕಟ್ಟುವುದನ್ನು ನಿಲ್ಲಿಸಿತು.

ಪ್ರಸ್ತಾಪ ಬಂದುದರಿಂದ ಒಂದು ಮಾತು: ಮೆಕ್‌ಡೊನಾಲ್ಡ್ಸ್ ಕಂಪನಿಯ ಮೊದಲ ಡ್ರೈವ್ ಥ್ರೂ 1975ರಲ್ಲಿ ಅರಿಜೋನಾದ ಸಿಯೆರಾ ವಿಸ್ಟಾದಲ್ಲಿ ಆರಂಭವಾದದ್ದು ಪಕ್ಕದ ಸೇನಾ ನೆಲೆಯ ಸೈನಿಕರಿಗಾಗಿ. ಕೆಲಸದ ಸಮವಸ್ತ್ರದಲ್ಲಿ ಅವರು ಊರಿನೊಳಗೆ ಕಾರಿನಿಂದ ಇಳಿಯುವಂತಿರಲಿಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ನಮ್ಮ ಊರಿಗೆ ಈ ಕಥೆ ಹೊಂದುತ್ತದೆ, ಆದರೆ ನಮ್ಮ ಜವಾನರು ಕ್ಯಾಂಪಿನ (ದಂಡು ಪ್ರದೇಶದ) ಅಂಗಡಿಗಳಲ್ಲಿ ಇಳಿದೇ ಕುಂದಾ ಕೊಳ್ಳುತ್ತಾರೆ.

ಪ್ರಶ್ನೆ (ಕ್ಯಾಂಪ್ ನಿವಾಸಿ):

ನಮ್ಮ ಭಾಗದಲ್ಲಿ ಇಂಥದ್ದು ಬಂದರೆ ಇದೇ ದಾರಿಯೇ?

ಉತ್ತರ (ವಕೀಲರು):

ಅಲ್ಲ. ನಿಮ್ಮದು ದಂಡು ಮಂಡಳಿಯ ವ್ಯಾಪ್ತಿ. ಅಲ್ಲಿ ಪಾಲಿಕೆಯ ಕಾಯ್ದೆಯಲ್ಲ, ಕಂಟೋನ್ಮೆಂಟ್ ಕಾಯ್ದೆ 2006 ನಡೆಯುತ್ತದೆ. ಅರ್ಜಿಯನ್ನು ಮಂಡಳಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ ಕೊಡಬೇಕು.

ಪ್ರಶ್ನೆ (ತಿಲಕವಾಡಿಯ ಇನ್ನೊಬ್ಬ ನಿವಾಸಿ):

ಪರವಾನಗಿ ಈಗಾಗಲೇ ಸಿಕ್ಕಿಬಿಟ್ಟಿದ್ದರೆ? ನಮ್ಮ ಹುಡುಗರು ರಸ್ತೆ ತಡೆ ಮಾಡೋಣ ಎನ್ನುತ್ತಿದ್ದಾರೆ.

ಉತ್ತರ (ವಕೀಲರು):

ರಸ್ತೆ ತಡೆದರೆ ಮೊದಲ ಪ್ರಕರಣ ನಿಮ್ಮ ಹುಡುಗರ ಮೇಲೆಯೇ ದಾಖಲಾಗುತ್ತದೆ. ರಸ್ತೆಗೆ ಅಡ್ಡಿಯಾಗುತ್ತದೆಂದು ವಾದಿಸುವವರೇ ರಸ್ತೆಗೆ ಅಡ್ಡ ಕೂತರೆ ಆ ವಾದ ಏನಾಗುತ್ತದೆಂದು ಅವರಿಗೆ ತಿಳಿಹೇಳಿರಿ.

ಸಿಕ್ಕಿದೆಯೋ ಇಲ್ಲವೋ ಎಂಬುದನ್ನು ಊಹಿಸುವ ಬದಲು ಮಾಹಿತಿ ಹಕ್ಕು ಕಾಯ್ದೆ 2005ರ ಕೆಳಗೆ 10 ರೂಪಾಯಿ ಶುಲ್ಕ ಕಟ್ಟಿ ಕೇಳಿರಿ. ಪಾಲಿಕೆಗೆ ಒಂದು, ಬುಡಾಕ್ಕೆ ಒಂದು ಪ್ರತ್ಯೇಕ ಅರ್ಜಿ. ಮಂಜೂರಾದ ನಕ್ಷೆ, ಭೂ ಉಪಯೋಗದ ಆದೇಶ, ಟಿಪ್ಪಣಿ ಹಾಳೆ, ಇವುಗಳ ಪ್ರತಿಗಳನ್ನು ಕೇಳಿರಿ. “ಏಕೆ ಕೊಟ್ಟಿರಿ” ಎಂದು ಮಾತ್ರ ಕೇಳಬೇಡಿರಿ, ಅದಕ್ಕೆ ಉತ್ತರ ಬರುವುದಿಲ್ಲ. 30 ದಿನಗಳಲ್ಲಿ ಮಾಹಿತಿ ಕೊಡಬೇಕು, ಕೊಡದಿದ್ದರೆ ಮೊದಲ ಮೇಲ್ಮನವಿ. ಕಟ್ಟಡ ಮಂಜೂರಾದ ನಕ್ಷೆಯನ್ನು ಮೀರಿ ಏಳುತ್ತಿದ್ದರೆ ಪೌರ ನಿಗಮಗಳ ಕಾಯ್ದೆ 1976ರ 321ನೆಯ ಕಲಮಿನ ಕೆಳಗೆ ಆಯುಕ್ತರು ಕ್ರಮ ಕೈಗೊಳ್ಳಬಹುದು. ಹೋಟೆಲ್ ಆರಂಭವಾಗಿ ಸಾಲು ನಿಜಕ್ಕೂ ರಸ್ತೆಗೆ ಬಂದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನ ಪ್ರಕಾರ ಸಾರ್ವಜನಿಕ ಉಪದ್ರವವನ್ನು ನಿವಾರಿಸುವಂತೆ ಕಾರ್ಯನಿರ್ವಾಹಕ ದಂಡಾಧಿಕಾರಿಯ ಮುಂದೆ ಹೋಗಬಹುದು. ಭೂ ಉಪಯೋಗದ ಆದೇಶವೇ ಕಾನೂನಿಗೆ ವಿರುದ್ಧವಾಗಿದ್ದರೆ ಧಾರವಾಡದ ಉಚ್ಚ ನ್ಯಾಯಾಲಯ ಪೀಠದಲ್ಲಿ ರಿಟ್ ಅರ್ಜಿ.

“ನೀವು ಯಾರು ಕೇಳಲು” ಎಂದು ಕಚೇರಿಯಲ್ಲಿ ಯಾರಾದರೂ ಅಂದರೆ, 1991ರ ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಪ್ರಕರಣದ ತೀರ್ಪನ್ನು ತೋರಿಸಿರಿ. ಬಡಾವಣೆಯ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಆಸ್ಪತ್ರೆ ಕಟ್ಟಲು ಕೊಟ್ಟಾಗ ಅಲ್ಲಿನ ನಿವಾಸಿಗಳೇ ನ್ಯಾಯಾಲಯಕ್ಕೆ ಹೋಗಿದ್ದರು. ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿದೆ ಎಂದು ಸುಪ್ರೀಂ ಕೋರ್ಟ್ ಒಪ್ಪಿತು, ಜಾಗ ಆಸ್ಪತ್ರೆಗೆ ಹೋಗಲಿಲ್ಲ. ಗಮನಿಸಿರಿ, ಅಲ್ಲಿ ಎದುರಿಗಿದ್ದದ್ದು ತಿಂಡಿಯ ಅಂಗಡಿಯಲ್ಲ, ಆಸ್ಪತ್ರೆ.

ಪ್ರಶ್ನೆ (ಶಿಕ್ಷಕಿ, ಐದು ದಿನಗಳ ನಂತರ):

ಸರ್, ಸಿ.ಟಿ.ಎಸ್. ನಂಬರ್ ಸಿಕ್ಕಿತು. ಎನ್.ಎ. ಆದೇಶದಲ್ಲಿ “ವಾಸ್ತವ್ಯದ ಉದ್ದೇಶಕ್ಕೆ” ಎಂದೇ ಇದೆ. ರಸ್ತೆಯನ್ನು ನಾವೇ ಮೂರು ಕಡೆ ಅಳೆದೆವು: 31 ಅಡಿ, 29 ಅಡಿ, ಶಾಲೆಯ ಮುಂದೆ 26 ಅಡಿ. ಶಾಲೆ ಬಿಡುವ ಹೊತ್ತಿನಲ್ಲಿ ವಿದ್ಯಾರ್ಥಿಯೊಬ್ಬನ ತಂದೆ ಮೂರು ದಿನ ವಾಹನಗಳನ್ನು ಎಣಿಸಿ ಬರೆದುಕೊಟ್ಟಿದ್ದಾರೆ. ಮುಂದೇನು ಮಾಡಬೇಕು?

ಉತ್ತರ (ನಿವೃತ್ತ ನಗರ ಯೋಜಕ):

ಎನ್.ಎ. ಆದೇಶದ ಪ್ರತಿಯನ್ನು ಮೊದಲ ಲಗತ್ತಾಗಿಡಿರಿ, ಅಳತೆಯ ನಕ್ಷೆಯನ್ನು ಎರಡನೆಯದಾಗಿ, ವಾಹನಗಳ ಎಣಿಕೆಯನ್ನು ದಿನಾಂಕ ಮತ್ತು ಹೊತ್ತಿನೊಂದಿಗೆ ಮೂರನೆಯದಾಗಿ. ಆ 64 ಸಹಿಗಳು ಕೊನೆಗೆ ಬರಲಿ. ಮೂರು ಪ್ರತಿ ಮಾಡಿಸಿ ಆಯುಕ್ತರಿಗೂ ಬುಡಾಕ್ಕೂ ಒಂದೊಂದು ಕೊಡಿರಿ, ನಿಮ್ಮ ಪ್ರತಿಯ ಮೇಲೆ ಎರಡೂ ಕಚೇರಿಗಳ ಆವಕ ಸಂಖ್ಯೆಯನ್ನೂ ಮೊಹರನ್ನೂ ಹಾಕಿಸಿಕೊಳ್ಳದೆ ಮನೆಗೆ ಬರಬೇಡಿರಿ. ಸೋಮವಾರ ಮಧ್ಯಾಹ್ನದೊಳಗೆ ಹೋಗಿರಿ, ಊಟದ ಹೊತ್ತಿನ ನಂತರ ಆವಕ ವಿಭಾಗದಲ್ಲಿ ಯಾರು ಸಿಗುತ್ತಾರೋ ಹೇಳಲಾಗದು.